ದಾರ ಬಿಚ್ಚಿದ ರೋಲು

ಮೇಲಿನ ಮೊಳೆಯಿಂದ ಕೆಳಗಿನ ಮೊಳೆಯವರೆಗೆ ಒಂದು ರೋಲು. ಗುಂಡಮ್ಮ ಮೂರನೆಯದನ್ನು ಅಳೆದು, ಮೊಳೆಯ ತಲೆಯನ್ನು ಹೆಬ್ಬೆರಳಿನಿಂದ ತಡವಿ ಖಾತ್ರಿ ಮಾಡಿಕೊಂಡು, ಕತ್ತಲಲ್ಲಿ ಕತ್ತರಿ ಹಾಕಿದಳು. ಬಾಗಿಲ ಸಂದಿಗೆ ತುರುಕಿದ ಕೌದಿಯ ಆಚೆ ಭಾನುವಾರದ ಬೆಳಗಾಗಿತ್ತು. ಗಂಡ ಅಂಬಾರಾಯ ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದು, ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ತಾಕುವ ಸದ್ದು, ಎರಡೂ ಕೇಳುತ್ತಿದ್ದವು. ಅವಳು ಫಿಲ್ಮಿನ ಅಂಚನ್ನು ಮಾತ್ರ ಹಿಡಿದು ಸುತ್ತಿ, ಪುಟ್ಟ ಡಬ್ಬಿಗೆ ಇಳಿಸಿ, ಮುಚ್ಚಳ ಒತ್ತಿದಳು. ನಾಲ್ಕು ಬೆರಳಷ್ಟು ಫಿಲ್ಮು ಬಾಲದಂತೆ ಹೊರಗೆ ಉಳಿಯಿತು.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಮೊದಲು ಜೋಳದ ಚೀಲ ಇಡುತ್ತಿದ್ದ ಈ ಕೋಣೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷ ಅದು. ರೋಲು ಸಿಗುವುದೇ ಕಷ್ಟವಾಗಿತ್ತು. ಹೈದರಾಬಾದಿನಿಂದ ತರಿಸಿದ ದೊಡ್ಡ ಸುರುಳಿಯನ್ನು ಕತ್ತರಿಸಿ ಹಳೆಯ ಡಬ್ಬಿಗಳಿಗೆ ತುಂಬುವುದು, ಹೊಡೆದು ತಂದದ್ದನ್ನು ತೊಳೆಯುವುದು, ಮುಖದ ಮೇಲಿನ ಕಲೆ ತಿದ್ದುವುದು ಎಲ್ಲವೂ ಗುಂಡಮ್ಮನ ಪಾಲಿನ ಕೆಲಸ. ಹದಿನಾರು ವರ್ಷಗಳಿಂದ ಮಾಡುತ್ತಿದ್ದಳು. ಮಗಳು ಮದುವೆಯಾಗಿ ಸೇಡಮ್ಮಿಗೆ ಹೋದ ಮೇಲೆ ದಿನದ ಹೆಚ್ಚು ಹೊತ್ತು ಈ ಕತ್ತಲಲ್ಲೇ ಕಳೆಯುತ್ತಿತ್ತು.

ಡಬ್ಬಿಗಳು ಎಷ್ಟು ಸಲ ಬಳಕೆಯಾಗಿದ್ದವೆಂದರೆ, ಒಂದು ಸಲ ಹೆಚ್ಚಿಗೆ ಮುಚ್ಚಳ ತೆರೆದರೂ ಸಡಿಲಾಗಿ ಬೆಳಕು ಒಳಗೆ ಹೋಗುತ್ತಿತ್ತು. ಬಾಲ ಒಳಗೆ ಹೋದರೆ ತೊಳೆಯುವಾಗ ಮುಚ್ಚಳ ತೆರೆಯಲೇಬೇಕು. ಅದಕ್ಕೇ ಬೇರೆ ಸ್ಟುಡಿಯೋಗಳಲ್ಲಿ ಮಾಡುವಂತೆ, ಫೋಟೋ ಹೊಡೆದಾದ ಮೇಲೆ ಬಾಲವನ್ನು ಪೂರ್ತಿ ಒಳಗೆ ಸುತ್ತಿಬಿಡುವ ರೂಢಿ ಇವರಲ್ಲಿರಲಿಲ್ಲ. ಹೊಸದಕ್ಕೂ ಬಾಲ ಹೊರಗೆ, ಹೊಡೆದದ್ದಕ್ಕೂ ಬಾಲ ಹೊರಗೆ. ಗುರುತಿಗೆ ಕೆಂಪು ದಾರ. ಕ್ಯಾಮರಾದಿಂದ ತೆಗೆದ ಕೂಡಲೇ ಡಬ್ಬಿಗೆ ಹತ್ತು ಸುತ್ತು ದಾರ ಸುತ್ತಿ ಗಂಟು ಹಾಕಬೇಕು. ದಾರ ಇದ್ದರೆ ಅದರೊಳಗೆ ಯಾರೋ ಇದ್ದಾರೆ, ಮುಟ್ಟಬಾರದು. ಇಷ್ಟು ವರ್ಷದಲ್ಲಿ ಆ ದಾರ ಒಮ್ಮೆಯೂ ಮೋಸ ಮಾಡಿರಲಿಲ್ಲ.

ನಾಲ್ಕನೆಯದನ್ನೂ ತುಂಬಿ ಬಾಗಿಲು ತೆರೆದು, ನಾಲ್ಕನ್ನೂ ಚರ್ಮದ ಚೀಲಕ್ಕೆ ಹಾಕಿದಳು. ಚೀಲದ ಪಕ್ಕದ ಜೇಬಿನಲ್ಲಿ ದಾರ ಕಟ್ಟಿದ ಒಂದು ರೋಲು ಆಗಲೇ ಇತ್ತು. ಶುಕ್ರವಾರದ್ದು, ಭಂಕೂರಿನದು.

ಭಂಕೂರಿನಲ್ಲಿ ಫರಸಿ ಕಲ್ಲಿನ ಖಣಿಗೆ ಕೆಲಸಕ್ಕೆ ಹೋಗುವ ಸಾಬಮ್ಮನ ಮಗಳು ಭೀಮಿ ಏಳು ವರ್ಷಕ್ಕೆ ಕಾಮಣಿ ಬೇನೆಯಾಗಿ ತೀರಿಕೊಂಡಿದ್ದಳು. ಮಣ್ಣಿಗೆ ಒಯ್ಯುವ ಮೊದಲು ಅಂಬಾರಾಯನನ್ನು ಕರೆಸಿದ್ದರು. ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದೆ ಕರಿ ಕಂಬಳಿ ಕಟ್ಟಿ, ಮದುವೆ, ರೇಷನ್ ಕಾರ್ಡಿನ ಫೋಟೋಗಳಾಗಿ ರೋಲಿನಲ್ಲಿ ಉಳಿದಿದ್ದ ಮೂರನ್ನು ಅವನು ಹೊಡೆದುಕೊಂಡು ಬಂದಿದ್ದ. ಬದುಕಿದ್ದಾಗ ಆ ಹುಡುಗಿಯದು ಒಂದೂ ಫೋಟೋ ಇರಲಿಲ್ಲ. ಹೀಗೆ ಸತ್ತ ಮೇಲೆ ತೆಗೆದ ಫೋಟೋದಲ್ಲಿ, ಕಾಗದದ ಮೇಲೆ ಸಣ್ಣ ಕುಂಚದಿಂದ ಮುಚ್ಚಿದ ರೆಪ್ಪೆ ಅಳಿಸಿ ಕಣ್ಣು ತೆರೆಸಿ ಕೊಡಬೇಕು. ಈ ಸೀಮೆಯಲ್ಲಿ ಎಲ್ಲರೂ ಹಾಗೇ ಕೇಳುತ್ತಿದ್ದರು. ಆ ಕೆಲಸವೂ ಗುಂಡಮ್ಮನದೇ.

ಶನಿವಾರ ಬೆಳಿಗ್ಗೆ ಸಾಬಮ್ಮ ತಾನೇ ಬಂದಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತು, ಒಳಗೆ ಬರಲಿಲ್ಲ.

"ಅಕ್ಕೋರ, ಕಣ್ಣು ತೆರೆಸೋರು ನೀವ ಏನ್ರಿ?"

"ಹೌದವ್ವ. ಬಾ, ಕುಂದ್ರು."

"ಇಲ್ರಿ, ಖಣಿಗೆ ಹೋಗಬೇಕು. ಒಂದು ಮಾತು ಹೇಳಿ ಹೋಗ್ತೀನಿ. ಎಡಗಡೆ ಹುಬ್ಬಿನ ಮ್ಯಾಲ ಒಂದು ಕಲಿ ಅದ್ರಿ. ಕಲ್ಲಿನ ಚಕ್ಕಿ ಸಿಡದು ಆಗಿದ್ದು. ನನ್ನ ಕೈಯಾಗಿನ ಸುತ್ತಿಗೀಲೇ ಸಿಡದಿತ್ತು. ಅದನ್ನ ಅಳಸಬ್ಯಾಡ್ರಿ. ಛಂದ ಕಾಣ್ಲಿ ಅಂತ ಅಳಸ್ತಾರಂತ, ಮಂದಿ ಹೇಳಿದ್ರು."

"ಅಳಸಂಗಿಲ್ಲ."

"ಆಣಿ ಮಾಡ್ರಿ."

ಗುಂಡಮ್ಮ ಹಾಗೆ ಯಾರಿಗೂ ಆಣೆ ಮಾಡಿದವಳಲ್ಲ. ಆದರೂ ಅವಳ ಕೈ ಹಿಡಿದು, "ಆಣಿ" ಅಂದಳು. ಆ ಅಂಗೈ ಕಲ್ಲಿನಷ್ಟೇ ಒರಟಾಗಿತ್ತು.

"ಮುಖ ಮರತು ಹೋಗ್ಲಿಕತ್ತದ್ರಿ ಅಕ್ಕೋರ," ಅಂದಳು ಸಾಬಮ್ಮ. "ಒಂದ ದಿನ ಆಗ್ಯದ. ಕಣ್ಣು ಮುಚ್ಚಿದ್ರ ಕಾಲು ಕಾಣ್ತಾವ, ಕೂದಲಾ ಕಾಣ್ತದ, ಮುಖ ಬರವಲ್ದು. ಅಂಜಿಕಿ ಆಗ್ಯದ."

ಬುಧವಾರ ಬಂದು ಫೋಟೋ ಒಯ್ಯುವುದೆಂದು ಮಾತಾಯಿತು. ರೋಲು ತೊಳೆಯುವ ಔಷಧದ ಪುಡಿಯೂ ತುಟ್ಟಿ. ಐದು ರೋಲು ಕೂಡಿದ ಮೇಲೆಯೇ ಕಲಸುತ್ತಿದ್ದರು. ಭಾನುವಾರ ಸಂಘದ ನಾಲ್ಕು ರೋಲು ಬರುತ್ತವೆ, ಸೋಮವಾರ ಎಲ್ಲವನ್ನೂ ಒಟ್ಟಿಗೆ ತೊಳೆದರಾಯಿತು ಎಂದು ಅಂಬಾರಾಯ ಹೇಳಿದ್ದ.

ಸಂಘ ಎಂದರೆ ಐದು ಜನ, ಮೂರು ಕ್ಯಾಮರಾ. ಊರಿನ ಹವ್ಯಾಸಿಗಳನ್ನು ಕೂಡಿಸಿ ಛಾಯಾಚಿತ್ರ ಸಂಘವೆಂದು ಹೆಸರಿಟ್ಟವರು ಚಿತ್ರಕಲೆ ಕಲಿಸುವ ಸೂಗಪ್ಪ ಮಾಸ್ತರರು. ವಾಡಿಯ ರೈಲ್ವೆ ಗಾರ್ಡ್ ಗನಿಸಾಬ ಒಬ್ಬ, ಕಾರ್ಖಾನೆಯಲ್ಲಿ ಕೆಲಸ ಮಾಡುವ ಇಬ್ಬರು. ಹೊಟ್ಟೆಪಾಡಿಗೆ ಫೋಟೋ ಹೊಡೆಯುವವನು ಅಂಬಾರಾಯ ಒಬ್ಬನೇ. ಆದರೆ ಹಬ್ಬದ ಅಂಗಿ ತೊಟ್ಟು ಹೊರಡುವುದರಲ್ಲಿ ಅವನೇ ಎಲ್ಲರಿಗಿಂತ ಮುಂದೆ. ಅಂಗಡಿಯಲ್ಲಿ ಹೊಡೆಯುವುದು ಬೇರೆ, ಇದು ಬೇರೆ ಅನ್ನುತ್ತಿದ್ದ. ಬೆಂಗಳೂರಿನ ಒಂದು ಸ್ಪರ್ಧೆಗೆ ಗುರುವಾರದೊಳಗೆ ಫೋಟೋ ಕಳಿಸಬೇಕಿತ್ತು. ಮೂರು ವರ್ಷಗಳಿಂದ ಕಳಿಸಿದ್ದೆಲ್ಲ ಹಾಗೇ ಮರಳಿ ಬಂದಿತ್ತು. ಈ ಸಲ ಗುಲ್ಬರ್ಗಾದ ಪಬ್ಲಿಕ್ ಗಾರ್ಡನ್ನಿಗೆ ಹೋಗಿ ಹೊಡೆಯುವುದೆಂದು ನಿಶ್ಚಯವಾಗಿತ್ತು. ಹೋದ ಸಲ ಅಲ್ಲಿ ಗುರುತಿಲ್ಲದ ಹೆಣ್ಣುಮಕ್ಕಳ ಕಡೆ ಕ್ಯಾಮರಾ ತಿರುಗಿಸಿದ್ದಕ್ಕೆ ಅವರ ಅಣ್ಣಂದಿರು ಬೆನ್ನಟ್ಟಿದ್ದರು. ಅದಕ್ಕೇ ಈ ಸಲ ಮನೆಯ ಹೆಂಗಸರೂ ಬರಬೇಕು. ಮಾಸ್ತರರ ಹೆಂಡತಿ ಒಲ್ಲೆನೆಂದರು. ಗನಿಸಾಬನ ಹೆಂಡತಿ ಹಸೀನಾಬೇಗಂ ಹೂಂ ಅಂದಿದ್ದಳು.

"ಕರೀದು ಉಡಬ್ಯಾಡ," ಅಂದ ಅಂಬಾರಾಯ, ಅವಳು ಕೆಂಪು ಅಂಚಿನ ಕಪ್ಪು ಇಳಕಲ್ ಸೀರೆ ತೆಗೆದದ್ದನ್ನು ನೋಡಿ. "ಫೋಟೋದಾಗ ತೂತು ಬಿದ್ದಂಗ ಕಾಣ್ತದ."

"ಛಲೋದು ಇದೊಂದ ಅದ. ನನಗ್ಯಾರು ಹೊಡೀತಾರ್ರಿ? ನಾ ಚೀಲ ಹಿಡಿಲಿಕ್ಕೆ ಬರಾಕಿ."

ಅವನು ನಕ್ಕ. ಅದು ನಿಜವೇ ಆಗಿತ್ತು. ಅವಳದು ಒಂದೇ ಫೋಟೋ ಇತ್ತು, ಮದುವೆಯದು. ಅದರಲ್ಲೂ ಬಾಸಿಂಗದ ಕೆಳಗೆ ಗದ್ದ ಮಾತ್ರ ಕಾಣುತ್ತಿತ್ತು.

ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋದರು. ಗುಲ್ಬರ್ಗಾ ಸ್ಟೇಷನ್ನಿನ ಹೊರಗೆ ಹಸೀನಾಬೇಗಂ ಬಿಡಿ ಮಲ್ಲಿಗೆ ಮೊಗ್ಗು ಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಗಾರ್ಡನ್ನಿನಲ್ಲಿ ಗಂಡಸರು ಮಕ್ಕಳಂತಾದರು. ಸೂಗಪ್ಪ ಮಾಸ್ತರರು ಒಂದು ಒಣ ಎಲೆಯ ಮುಂದೆ ಧೋತರ ಕಟ್ಟಿ ಬೋರಲು ಮಲಗಿದರು. ನೋಡಲು ನಿಂತ ಜನ, ಯಾರಿಗೋ ಫಿಟ್ಸ್ ಬಂದಿದೆ ಎಂದು ನೀರು ತಂದರು.

"ಬದುಕ್ಯಾರಿ, ಬದುಕ್ಯಾರಿ," ಎಂದು ಗನಿಸಾಬ ಅವರನ್ನು ಚದುರಿಸಿದ. "ಕಲಾವಿದರು. ಹಿಂಗ ಇರ್ತಾರ."

ಗುಂಡಮ್ಮ ಕಾರಂಜಿಯ ಹತ್ತಿರ ಕಲ್ಲುಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಒಬ್ಬೊಬ್ಬರೂ ಬಂದು ಹೊಡೆದ ರೋಲು ಕೊಟ್ಟು ಹೊಸದು ಒಯ್ಯುತ್ತಿದ್ದರು. ದಾರದ ಉಂಡೆ ಮನೆಯಲ್ಲೇ ಉಳಿದಿತ್ತು. ಹೊಡೆದು ತಂದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಿಸಿಲು ಹದವಾಗಿತ್ತು. ಯಾವ ಕೆಲಸವೂ ಇಲ್ಲದೆ ಹೀಗೆ ಬೆಳಕಿನಲ್ಲಿ ಕುಳಿತು ಎಷ್ಟು ದಿನವಾಗಿತ್ತೋ.

ಹಸೀನಾಬೇಗಂ ಪಕ್ಕಕ್ಕೆ ಬಂದು ಸೆರಗು ಬಿಚ್ಚಿದಳು. "ಅಕ್ಕ, ಈ ಹೂವು ಕಟ್ಟಿ ಕೊಡ್ರಿ. ನನಗ ಕಟ್ಟಾಕ ಬರಂಗಿಲ್ಲ. ನಿಮಗೂ ಒಂದು ಕಟ್ಕೋರಿ."

"ನನಗ್ಯಾಕವ್ವ ಈ ವಯಸ್ಸಿನ್ಯಾಗ."

"ವಯಸ್ಸು! ನನಗಿಂತ ಎರಡ ವರ್ಷ ದೊಡ್ಡೋರು. ಕಟ್ಟರಿ, ಇಲ್ಲಾಂದ್ರ ನಾ ಹಂಗ ತಲಿ ಮ್ಯಾಲ ಸುರೀತೀನಿ ನೋಡ್ರಿ."

ಕಟ್ಟಲು ದಾರ ಬೇಕಿತ್ತು. ಅದು ಎಲ್ಲಿದೆಯೆಂದು ಗುಂಡಮ್ಮನ ಕೈಗೇ ಗೊತ್ತಿತ್ತು. ಪಕ್ಕದ ಜೇಬಿನಿಂದ ಭಂಕೂರಿನ ರೋಲು ತೆಗೆದು, ಗಂಟು ಬಿಚ್ಚಿ, ಹತ್ತು ಸುತ್ತು ದಾರವನ್ನು ಎಳೆದುಕೊಂಡಳು. ಎರಡು ಮೊಳ ಇತ್ತು. ಹೂ ಕಟ್ಟಿದ ಮೇಲೆ ಒಂದು ತುಂಡು ಉಳಿಸಿ ಮತ್ತೆ ಕಟ್ಟಿದರಾಯಿತು ಅಂದುಕೊಂಡಳು. ರೋಲನ್ನು ಚೀಲದ ಮೇಲುಗಡೆ ಇಟ್ಟಳು. ಎರಡು ಮಾಲೆಗೆ ದಾರ ಪೂರ್ತಿ ಹಿಡಿಯಿತು. ಹಸೀನಾಬೇಗಂ ಅವಳ ತುರುಬಿಗೆ ಹೂ ಸಿಕ್ಕಿಸಿ, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಯಾ ಅಲ್ಲಾ, ಅಂಬಾರಾಯಣ್ಣ ಕುಡ್ಡ ಇದ್ದಾನ," ಅಂದಳು.

ಗುಂಡಮ್ಮ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

ದೂರದಲ್ಲಿ ಕ್ಯಾಮರಾ ಒರೆಸುತ್ತಿದ್ದ ಅಂಬಾರಾಯ ಅದನ್ನು ನೋಡಿದ. ಅವನ ಮುಖದಲ್ಲಿ ಏನೋ ಬದಲಾಯಿತು. "ಏ, ಹಂಗ ಇರು! ಅಲ್ಲಾಡಬ್ಯಾಡ!" ಎಂದು ಓಡಿಬಂದ. ಕ್ಯಾಮರಾ ತೆರೆದ, ಖಾಲಿ. ಅವಳ ತೊಡೆಯ ಮೇಲಿದ್ದ ಚೀಲಕ್ಕೆ ತಾನೇ ಕೈ ಹಾಕಿ, ಮೇಲಿದ್ದ ರೋಲು ತೆಗೆದು ಹಾಕಿಕೊಂಡ. ದಾರವಿರಲಿಲ್ಲ, ಬಾಲ ಹೊರಗಿತ್ತು. ಹದಿನಾರು ವರ್ಷದ ರೂಢಿಯಂತೆ ಅದು ಹೊಸ ರೋಲು.

ಗುಂಡಮ್ಮ ನೋಡಲಿಲ್ಲ. ಅವಳು ಗಂಡನ ಮುಖ ನೋಡುತ್ತಿದ್ದಳು.

ರೋಲಿನ ಮೂವತ್ತಾರು ಫೋಟೋಗಳನ್ನೂ ಅವಳ ಮೇಲೆಯೇ ಹೊಡೆದ. ಕಾರಂಜಿಯ ಮುಂದೆ, ಗುಲಾಬಿಯ ಸಾಲಿನಲ್ಲಿ, ಹಸೀನಾಬೇಗಂ ಜೊತೆ, ಒಬ್ಬಳೇ. ಗನಿಸಾಬ ಗಾರ್ಡಿನ ಸೀಟಿ ಊದಿ ಕರವಸ್ತ್ರ ಬೀಸುತ್ತಿದ್ದ. "ಭಾಭಿ, ನಗ್ರಿ. ನಗೂತನಾ ಗಾಡಿ ಬಿಡಂಗಿಲ್ಲ." ಅವಳು ಮತ್ತೆ ಮತ್ತೆ ನಕ್ಕಳು. ಕಪ್ಪು ಸೀರೆಯ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆಯ ಗಾಡಿಯಲ್ಲಿ ಮರಳುವಾಗ ಕಿಟಕಿಯ ಪಕ್ಕ ಕುಳಿತು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ನಾಲ್ಕು ರೋಲು. ಸಮಾಧಾನದಿಂದ ಚೀಲದ ಪಕ್ಕದ ಜೇಬಿಗೆ ಕೈ ಹಾಕಿದಳು. ಜೇಬು ಖಾಲಿ ಇತ್ತು. ಚೀಲದ ತಳದಲ್ಲಿ ಒಂದು ಸಿಕ್ಕಿತು. ಒಟ್ಟು ಐದು. ಐದಕ್ಕೂ ದಾರವಿಲ್ಲ, ಐದಕ್ಕೂ ಬಾಲ ಹೊರಗೆ.

ತಳದಲ್ಲಿದ್ದದ್ದು ಭಂಕೂರಿನದೇ ಇರಬಹುದು. ಅಥವಾ ಬೆಳಿಗ್ಗೆ ತುಂಬಿದ ನಾಲ್ಕನೆಯದು, ಯಾರೂ ಮುಟ್ಟದೆ ಉಳಿದದ್ದು ಇರಬಹುದು. ತೊಳೆಯದೆ ಹೇಳುವಂತಿರಲಿಲ್ಲ. ಅವಳ ಕೈ ತಾನಾಗಿ ತುರುಬಿಗೆ ಹೋಯಿತು. ಬಾಡಿದ ಮೊಗ್ಗುಗಳ ನಡುವೆ ದಾರ ಬೆರಳಿಗೆ ಸಿಕ್ಕಿತು.

ಎದುರಿಗೆ ಅಂಬಾರಾಯ ಗೆಳೆಯರೊಂದಿಗೆ ಏನೋ ಹೇಳಿ ನಗುತ್ತಿದ್ದ. ಹೇಳಬೇಕೆಂದು ಬಾಯಿ ತೆರೆದವಳು, "ಕಿಟಕಿ ಮುಚ್ಚಲೇನು? ಧೂಳು ಬರಲಿಕತ್ತದ," ಅಂದಳು.

ಸೋಮವಾರ ಒಂದೊಂದಾಗಿ ತೊಳೆದಳು. ಚೀಲದ ತಳದಲ್ಲಿದ್ದದ್ದನ್ನೇ ಮೊದಲು. ಚಿತ್ರ ಗಟ್ಟಿ ಮಾಡುವ ಹೈಪೋ ನೀರಿನಿಂದ ಎತ್ತಿ ಬೆಳಕಿಗೆ ಹಿಡಿದಾಗ ಅದು ಈ ತುದಿಯಿಂದ ಆ ತುದಿಯವರೆಗೆ ತಿಳಿಯಾಗಿತ್ತು. ಒಂದೂ ಚಿತ್ರವಿರಲಿಲ್ಲ. ಯಾರೂ ಮುಟ್ಟದೆ ಉಳಿದ ಹೊಸ ರೋಲು.

ಆಗಲೇ ಗೊತ್ತಾಯಿತು. ಆದರೂ ಉಳಿದವನ್ನು ತೊಳೆದಳು. ಎಲೆ, ಹಕ್ಕಿ, ಬೆಂಚು, ಐಸ್‌ಕ್ಯಾಂಡಿ ಮಾರುವವನು. ಕೊನೆಯದನ್ನು ಎತ್ತಿದಾಗ ಒಂದರ ಮೇಲೊಂದು ಎರಡು ದಿನ ಕಂಡವು. ಭಂಕೂರಿನ ಮೂರು ಚೌಕಗಳನ್ನು ಹುಡುಕಿದಳು. ಮೊದಲನೆಯದನ್ನು ಕಾರಂಜಿಯ ನೀರು ಪೂರ್ತಿ ನುಂಗಿತ್ತು. ಎರಡನೆಯದರಲ್ಲಿ ಮಗುವಿನ ಮುಖವಿದ್ದಲ್ಲಿ ಬರೀ ಆಕಾಶ.

ಮೂರನೆಯದರಲ್ಲಿ ಗುಂಡಮ್ಮ ಒಬ್ಬಳೇ ನಿಂತಿದ್ದಳು. ಕಪ್ಪು ಬಣ್ಣ ಫಿಲ್ಮಿನ ಮೇಲೆ ಏನನ್ನೂ ಬರೆಯುವುದಿಲ್ಲ. ಅವಳ ಸೀರೆ ಇದ್ದಲ್ಲಿ ಮೊದಲಿನ ಚಿತ್ರ ಹಾಗೇ ಉಳಿದಿತ್ತು. ನೆಗೆಟಿವ್ ಒಣಗುವವರೆಗೆ ಕಾಯದೆ ಕಾಗದಕ್ಕೆ ಇಳಿಸಿ ಟ್ರೇಯಲ್ಲಿ ಅದ್ದಿದಾಗ, ಕೆಂಪು ದೀಪದ ಕೆಳಗೆ ಮೊದಲು ಮೂಡಿದ್ದು ಅವಳ ತುರುಬು. ಆಮೇಲೆ ಅವಳ ಸೀರೆಯ ಕಪ್ಪು, ಆ ಕಪ್ಪಿನೊಳಗೆ, ಎದೆಯಿಂದ ಹೊಟ್ಟೆಯವರೆಗೆ, ಕಣ್ಣು ಮುಚ್ಚಿದ ಒಂದು ಮಗುವಿನ ಮುಖ. ಎಡ ಹುಬ್ಬಿನ ಮೇಲೆ ಕಲೆ ಸ್ಪಷ್ಟವಾಗಿತ್ತು. ಅದರ ಮೇಲ್ಗಡೆ ಗುಂಡಮ್ಮನದೇ ಮುಖ, ಹಲ್ಲೆಲ್ಲ ಕಾಣುವಂತೆ ನಗುತ್ತಿತ್ತು.

ಅವಳು ಕಾಗದವನ್ನು ಎತ್ತಿ ಹೈಪೋದ ಟ್ರೇಗೆ ಹಾಕಿದಳು.

ಅಂಬಾರಾಯ ಒಳಗೆ ಬಂದವನು ಮೊದಲು ಕೂಗಾಡಿದ. "ದಾರ ಎಲ್ಲಿತ್ತು? ದಾರ ಇದ್ದಿದ್ದಿಲ್ಲ, ಅದಕ್ಕ ನಾ ಹಾಕ್ದೆ!"

"ಬಿಚ್ಚಿ ಬಿದ್ದಿರಬೇಕು," ಅಂದಳು.

"ನಿನ್ನ ದಾರ ನಂಬಿ ನಾ ಕೆಟ್ಟೆ." ಹೇಳುತ್ತಲೇ ಒದ್ದೆ ಕಾಗದವನ್ನು ಎತ್ತಿ ಹಿಡಿದ. ಬಹಳ ಹೊತ್ತು ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು, ಗಾರ್ಡನ್ನಿನಲ್ಲಿ ಓಡಿಬಂದಾಗ ಇದ್ದದ್ದು. ಆಗ ಅದು ತನಗಾಗಿ ಅಂದುಕೊಂಡಿದ್ದಳು.

ಸಂಜೆ ಸೂಗಪ್ಪ ಮಾಸ್ತರರನ್ನೂ ಗನಿಸಾಬನನ್ನೂ ಕರೆದು ತೋರಿಸಿದ. ಗುಂಡಮ್ಮ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂಬಾರಾಯ, ಇದು ನಿನಗ ತಿಳಿದು ಹೊಡದದ್ದಲ್ಲ. ಆದ್ರೂ ಇದು ದೊಡ್ಡದು. ಹೆಸರು ನಾ ಇಡ್ತೀನಿ. 'ತಾಯಿ'. ಈ ಸಲ ಇದು ತಿರುಗಿ ಬರಂಗಿಲ್ಲ, ಬರದಿಟ್ಟುಕೋ."

"ಆಕಿ ತಾಯಿ ಬ್ಯಾರೆ ಇದ್ದಾಳಲ್ರಿ," ಅಂದ ಗನಿಸಾಬ. "ಇದು ಮಯ್ಯತ್ ಅದ, ಮಾಸ್ತರ್. ಮಣ್ಣು ಕೊಟ್ಟ ಕೂಸಿಂದು."

"ನೋಡೋರಿಗೆ ಏನು ಗೊತ್ತು ಗಾರ್ಡಸಾಬ? ಮಲಗಿದ ಕೂಸು."

"ಕೇಳಿಯರ ಕಳಸ್ರಿ."

"ಕೇಳಿದ್ರ ಕೊಡ್ತಾಳೇನು?" ಅಂದ ಅಂಬಾರಾಯ.

ಮಾಸ್ತರರು ಗುಂಡಮ್ಮನ ಕಡೆ ತಿರುಗಿ ಕೈ ಮುಗಿದರು. "ವೈನಿ, ನಿಮ್ಮ ನಗು ಬೆಂಗಳೂರು ನೋಡ್ತದ."

ಗನಿಸಾಬ ಚಹಾ ಕುಡಿಯಲಿಲ್ಲ. ಟೋಪಿ ಹಾಕಿಕೊಂಡು, ಹೊರಡುವಾಗ ಅವಳನ್ನು ನೋಡಿದ.

ಅವರು ಹೋದ ಮೇಲೆ ಅವಳು ಗಂಡನನ್ನು ಕೇಳಿದಳು, "ಸಾಬಮ್ಮಗ ಏನು ಕೊಡೋದು?"

ಅಂಬಾರಾಯ ಅದಕ್ಕೂ ದಾರಿ ಯೋಚಿಸಿಟ್ಟಿದ್ದ. ಕೆಟ್ಟವನಲ್ಲ ಅವನು. ಸಾಬಮ್ಮನ ಬಗ್ಗೆ ಮರುಕವಿತ್ತು, ಅದಕ್ಕೇ ಅವನ ದನಿ ಮೆತ್ತಗಿತ್ತು. "ಹೋದ ವರ್ಷ ವಾಡಿ ಸಾಲಿಯ ಗ್ರೂಪ್ ಹೊಡದಿದ್ದೆನಲ್ಲ, ಅದರಾಗ ಆ ವಯಸ್ಸಿನ ಹುಡುಗಿ ಒಂದು ನೋಡು. ದೊಡ್ಡದು ಮಾಡು. ಹುಬ್ಬಿನ ಮ್ಯಾಲ ಕಲಿ ಬರಿ. ಕಣ್ಣು ಹೆಂಗೂ ಯಾವಾಗಲೂ ನೀನ ಬರೀತಿ."

"ಈ ಫೋಟೋದಾಗಿಂದ ಬರೇ ಮುಖ ತಗದು ಕೊಡಬಹುದು. ಮುಖ ಛಲೋ ಅದ."

"ಕೊಟ್ಟು? ನಾಳೆ ಪೇಪರಿನ್ಯಾಗ ಇದು ಬಂದ್ರ, 'ಇದು ನಮ್ಮ ಭೀಮಿ' ಅಂತ ಭಂಕೂರಿನ ಮಂದಿ ಎಲ್ಲಾ ಬಾಗಿಲಿಗೆ ಬರ್ತದ. ಬ್ಯಾರೆ ಮುಖ ಇದ್ರ ಯಾರಿಗೂ ಏನೂ ಅನಸಂಗಿಲ್ಲ. ಆಕಿ ಅಳಕೋತ ನೋಡ್ತಾಳ. ಅಳಾಕ ಒಂದು ಮುಖ ಬೇಕು, ಅಷ್ಟ." ದನಿ ಇನ್ನೂ ತಗ್ಗಿಸಿ ಹೇಳಿದ, "ಆಕೀನ ಹೇಳ್ಯಾಳಂತಲ್ಲ, ಮುಖ ನೆನಪಾಗವಲ್ದು ಅಂತ."

ಆ ಮಾತನ್ನು ಅವನಿಗೆ ಹೇಳಿದವಳು ಗುಂಡಮ್ಮನೇ. ಶನಿವಾರ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದ್ದಳು.

ಮಂಗಳವಾರ ಮಧ್ಯಾಹ್ನ ಅಂಬಾರಾಯ ಮುಂದಿನ ಸ್ಟುಡಿಯೋದಲ್ಲಿ ಮದುಮಕ್ಕಳನ್ನು ನಿಲ್ಲಿಸಿ ಹೊಡೆಯುತ್ತಿದ್ದ. ಅವಳು ವಾಡಿ ಶಾಲೆಯ ನೆಗೆಟಿವ್ ಎನ್‌ಲಾರ್ಜರಿಗೆ ಹಾಕಿದಳು. ಎರಡನೆಯ ಸಾಲಿನಲ್ಲಿ ಒಬ್ಬಳು ಹುಡುಗಿ ಸಿಕ್ಕಳು. ದೊಡ್ಡದು ಮಾಡಿ, ತೊಳೆದು, ಒಣಗಿಸಿ, ಮೇಜಿನ ಮೇಲೆ ಇಟ್ಟುಕೊಂಡಳು. ಕುಂಚ ಒದ್ದೆ ಮಾಡಿ ಹುಬ್ಬಿನ ಮೇಲೆ ಕಲೆ ಬರೆದಳು. ಚೆನ್ನಾಗಿ ಬಂತು. ಯಾರೂ ಕೈಯಲ್ಲಿ ಬರೆದದ್ದು ಅನ್ನುತ್ತಿರಲಿಲ್ಲ. ಆ ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಅದನ್ನು ತಿದ್ದಬೇಕು.

ಎಂದಿನಂತೆ ಎದುರಿಗೆ ಸಣ್ಣ ಕನ್ನಡಿ ಇಟ್ಟುಕೊಂಡಳು. ಮೊದಲ ಸಲ ಒಬ್ಬ ಸತ್ತ ಮುದುಕಿಗೆ ಕಣ್ಣು ಬರೆಯಬೇಕಾಗಿ ಬಂದಾಗ, ಕಣ್ಣು ಹೇಗಿರುತ್ತದೆ ಎಂದು ತಿಳಿಯದೆ ಕನ್ನಡಿಯಲ್ಲಿ ತನ್ನದನ್ನೇ ನೋಡಿಕೊಂಡು ಬರೆದಿದ್ದಳು. ಆಮೇಲೆ ಎಲ್ಲರಿಗೂ ಹಾಗೇ. ಚಿತ್ತಾಪುರದ ಶೆಟ್ಟರಿಗೆ, ಕಾಳಗಿಯ ಬಾಣಂತಿಗೆ, ಅವಳ ಜೊತೆಗೇ ತೀರಿಹೋದ ಹಸುಗೂಸಿಗೂ. ಎಷ್ಟು ಮನೆಗಳ ಗೋಡೆಯಿಂದ ತಾನು ನೋಡುತ್ತಿದ್ದೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಒಬ್ಬರೂ ಬಂದು ಇದು ನಮ್ಮವರ ಕಣ್ಣಲ್ಲ ಅಂದಿರಲಿಲ್ಲ. ಅದನ್ನು ಅವಳು ತನ್ನ ಕೈಗುಣ ಅಂದುಕೊಂಡಿದ್ದಳು. ಅವರು ಏನನ್ನು ನುಂಗಿಕೊಂಡು ಫೋಟೋ ಎದೆಗೆ ಒತ್ತಿಕೊಂಡು ಹೋಗಿದ್ದರೋ, ಅವಳು ಕೇಳಿರಲಿಲ್ಲ. ಸಾಬಮ್ಮನೂ ನುಂಗುತ್ತಾಳೆ. ತನ್ನ ನೆನಪೇ ತಪ್ಪು, ಮಗಳು ಹೀಗೇ ಇದ್ದಳೇನೋ ಅಂದುಕೊಳ್ಳುತ್ತಾಳೆ. ದಿನಾ ನೋಡಿ ನೋಡಿ, ಉಳಿದಿರುವ ಅರ್ಧ ಮುಖವೂ ಅಳಿದು, ಅಲ್ಲಿ ಈ ವಾಡಿಯ ಹುಡುಗಿ ಬಂದು ಕುಳಿತುಕೊಳ್ಳುತ್ತಾಳೆ.

ಗುಂಡಮ್ಮ ಕನ್ನಡಿಯನ್ನು ಬೋರಲು ಹಾಕಿದಳು. ಕುಂಚ ತೊಳೆದಿಟ್ಟಳು.

ಗಾರ್ಡನ್ನಿನ ನೆಗೆಟಿವ್ ತಂತಿಯ ಮೇಲೆ ತೂಗುತ್ತಿತ್ತು. ತೆಗೆದು ಎನ್‌ಲಾರ್ಜರಿಗೆ ಹಾಕಿದಳು. ಕಪ್ಪು ಕಾಗದದಲ್ಲಿ ಮುಖದ ಅಳತೆಯ ತೂತು ಕತ್ತರಿಸಿ, ತನ್ನ ತಲೆ, ಹೂವು, ತೋಳು ಎಲ್ಲವನ್ನೂ ಮರೆಮಾಡಿ, ಆ ಮುಖವೊಂದನ್ನೇ ಕಾಗದಕ್ಕೆ ಇಳಿಸಿದಳು. ಎರಡು ಸಲ ಕೆಟ್ಟಿತು. ಮೂರನೆಯದು ಸರಿಯಾಗಿ ಬಂತು. ಸೀರೆಯ ನೆರಿಗೆಯೊಂದು ಕೆನ್ನೆಯ ಪಕ್ಕ ತೆಳ್ಳಗೆ ಉಳಿದಿತ್ತು, ಕಂಬಳಿಯದೆಂದರೂ ನಡೆಯುತ್ತದೆ. ಕಲೆ ಇದ್ದಲ್ಲೇ ಇತ್ತು. ಕಣ್ಣು ಮುಚ್ಚಿದ್ದವು. ಅವನ್ನು ಹಾಗೇ ಬಿಟ್ಟಳು. ನಾಳೆ ಸಾಬಮ್ಮ ಬಂದರೆ ಒಳಗೆ ಕರೆದು ಕೂರಿಸಿ, ಕೂಸು ಹೇಗೆ ನೋಡುತ್ತಿತ್ತು ಎಂದು ಕೇಳಬೇಕು. ರೆಪ್ಪೆ ದಪ್ಪವೋ ತೆಳುವೋ, ಮೇಲೆ ನೋಡುತ್ತಿತ್ತೋ ಓರೆ ನೋಡುತ್ತಿತ್ತೋ. ಅವಳು ಹೇಳಿದಷ್ಟೇ ಬರೆಯಬೇಕು. ಬೇಡ ಅಂದರೆ ಮುಚ್ಚಿದ್ದನ್ನೇ ಕೊಡಬೇಕು.

ಫೋಟೋವನ್ನು ಕಾಗದದ ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ಕಪಾಟಿನ ಮೇಲಿನ ಹಲಗೆಯಲ್ಲಿ, ಬಾಟಲಿಯಲ್ಲಿ ಕೆಂಪು ಹರಳುಗಳಿದ್ದವು. ನೆಗೆಟಿವ್ ಹೆಚ್ಚು ಕಪ್ಪಾಗಿ ಬಂದರೆ ಆ ಹರಳನ್ನು ನೀರಿನಲ್ಲಿ ಕರಗಿಸಿ, ಹೈಪೋ ಕೂಡಿಸಿ, ಅದರಲ್ಲಿ ಒಂದು ಕ್ಷಣ ಅದ್ದಿ ತೆಗೆಯುತ್ತಿದ್ದಳು. ಕಪ್ಪು ತೆಳುವಾಗುತ್ತಿತ್ತು. ಹೆಚ್ಚು ಹೊತ್ತು ಬಿಟ್ಟರೆ ಎಲ್ಲ ಹೋಗಿ ಬರೀ ತಿಳಿ ಹಾಳೆ ಉಳಿಯುತ್ತಿತ್ತು. ಅವಳ ಕೈಯಲ್ಲಿ ಹಾಗೆ ಒಂದೂ ಹೋಗಿರಲಿಲ್ಲ. ಬಾಟಲಿ ಇಳಿಸಿ ಅಲುಗಾಡಿಸಿ ನೋಡಿದಳು. ಬೇಕಾದಷ್ಟಿತ್ತು.

ನೆಗೆಟಿವನ್ನು ಕೊನೆಯ ಸಲ ಬೆಳಕಿಗೆ ಹಿಡಿದಳು. ಅದರಲ್ಲಿ ಅವಳ ಮುಖ ಕಪ್ಪಾಗಿತ್ತು, ಹಲ್ಲು ಇನ್ನೂ ಕಪ್ಪಾಗಿತ್ತು, ಆದರೂ ನಗು ಗುರುತು ಸಿಗುತ್ತಿತ್ತು. ಹೀಗೆ ನಕ್ಕದ್ದು ಇನ್ನೆಲ್ಲೂ ಇರಲಿಲ್ಲ. ಉಳಿದ ಮೂವತ್ತೈದರಲ್ಲೂ ಅವಳ ಮೇಲೆ ಯಾರದೋ ಮದುವೆ, ಯಾರದೋ ರೇಷನ್ ಕಾರ್ಡಿನ ಮುಖ, ಇಲ್ಲವೆ ಭಂಕೂರಿನ ಕುರ್ಚಿ ಬಂದು ಕುಳಿತಿದ್ದವು.

ನಾಳೆ ಬುಧವಾರ, ಸಾಬಮ್ಮ ಬಂದು ಹೋದ ಮೇಲೆ, ಗಂಡ ಊಟ ಮಾಡಿ ಅಡ್ಡಾಗುವ ಹೊತ್ತು. ಈ ಒಂದು ಚೌಕವನ್ನು ಬಟ್ಟಲಲ್ಲಿ ಅದ್ದಿ, ನೂರು ಎಣಿಸುವವರೆಗೆ ಬಿಡಬೇಕು. ಸೋಮವಾರ ಇಳಿಸಿದ ಫೋಟೋ ಒಣಗಿಸುವಾಗ ತಟ್ಟೆಗೆ ಅಂಟಿ ಹರಿಯಿತು ಅಂತ ಹೇಳಿ ಅದನ್ನೂ ಒಲೆಗೆ ಹಾಕಬೇಕು. ಅಂಬಾರಾಯ ಕೂಗಾಡುತ್ತಾನೆ. ಬಹಳ ದಿನ ಮಾತಾಡಲಿಕ್ಕಿಲ್ಲ. ಮಾಸ್ತರರು ವೈನಿ ಎಂಥಾ ಅನಾಹುತ ಮಾಡಿದ್ರಿ ಅನ್ನುತ್ತಾರೆ. ಕೈತಪ್ಪು ಆಯಿತು ಅನ್ನುತ್ತಾಳೆ. ದಾರದ ತಪ್ಪನ್ನು ಯಾರ ಮುಂದೆಯೂ ತನ್ನದೆನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ. ಇದೊಂದನ್ನಾದರೂ ತನ್ನದೆನ್ನಬಹುದು.

"ಏ, ಕೇಳಿದೇನು?" ಮುಂದಿನಿಂದ ಅಂಬಾರಾಯ ಕೂಗಿದ. "ಆ ನೆಗೆಟಿವ್ ಒಣಗೇದೇನು? ಮಾಸ್ತರ್ ದೊಡ್ಡದು ಕೇಳ್ಯಾರ."

ನೆಗೆಟಿವ್ ನಿನ್ನೆ ಸಂಜೆಯೇ ಒಣಗಿತ್ತು. ಗುಂಡಮ್ಮ ಬಾಟಲಿಯನ್ನು ಕೈಗೆ ಸಿಗುವ ಹಲಗೆಯ ಮೇಲೆ ಇಟ್ಟಳು.

"ಇನ್ನಾ ಇಲ್ರಿ," ಅಂದಳು. "ನಾಳಿ ಮಧ್ಯಾಹ್ನಕ್ಕ ಆಗ್ತದ."